ವೆರುಲಾಮಿಯಂ ಪಟ್ಟಣದ ಅಳಿವು ಉಳಿವು

ಲಂಡನ್ ಮಹಾನಗರದಿಂದ ವಾಯವ್ಯ ದಿಕ್ಕಿಗೆ ಸುಮಾರು 20 ಮೈಲಿಗಳ ದೂರದಲ್ಲಿ, ಹರ್ಟ್‌ಫರ್ಡ್‌ಷೈರ್ ಎಂಬ ಸೀಮೆಯಲ್ಲಿ, ಸೇಂಟ್ ಆಲ್ಬನ್ಸ್ ಎಂಬ ಊರುಂಟು. ಊರ ಗುಡ್ಡದ ನೆತ್ತಿಯ ಮೇಲೆ ಒಂದು ದೊಡ್ಡ ಕ್ರೈಸ್ತ ದೇವಾಲಯ. ಅದರ ನಡುವಣ ಗೋಪುರವು ಸುಮಾರು 144 ಅಡಿ ಎತ್ತರವಾಗಿದ್ದು, ಬಿಸಿಲು ಬಿದ್ದಾಗ ಕೆಂಪಗೆ ಹೊಳೆಯುತ್ತ ಬಹುದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಈ ದೇವಾಲಯವನ್ನು ಕಟ್ಟಿದವರು ನಾರ್ಮನ್ನರು. ಕೆಲಸ ಮೊದಲಾದುದು 1077ರಲ್ಲಿ. ಆದರೆ ಗೋಪುರದ ಇಟ್ಟಿಗೆಗಳು ನಾರ್ಮನ್ನರವಲ್ಲ. ಹಂಚಿನಂತೆ ತೆಳುವಾಗಿಯೂ ಅಗಲವಾಗಿಯೂ ಇರುವ ಆ ಇಟ್ಟಿಗೆಗಳನ್ನು ಸುಟ್ಟವರು ರೋಮನ್ ಆಳ್ವಿಕೆಯ ಕಾಲದ ಕೆಲಸಗಾರರು. ಗೋಪುರಕ್ಕೆ ಏರುವ ಮುನ್ನ ಅವು ಗುಡ್ಡದ ಕೆಳಗೆ ಹರಿಯುವ ವೇರ್ ಎಂಬ ಕಿರುಹೊಳೆಯ ಆಚೆಯ ದಡದಲ್ಲಿ ಮನೆಗಳಾಗಿ, ಸ್ನಾನಗೃಹಗಳಾಗಿ, ಕೋಟೆಯ ಗೋಡೆಗಳಾಗಿ ನೂರಾರು ವರ್ಷ ಇದ್ದುವು.

ಆ ದಡದಲ್ಲಿ ಈಗ ಹುಲ್ಲು ಬೆಳೆದ ಬಯಲು, ಅಲ್ಲಲ್ಲಿ ಮುರಿದ ಕೋಟೆಗೋಡೆ, ಒಂದು ನಾಟಕಶಾಲೆಯ ಪಾಯ, ಇಷ್ಟೇ. ಇಲ್ಲಿದ್ದುದು ವೆರುಲಾಮಿಯಂ, ರೋಮನ್ ಬ್ರಿಟನ್ನಿನ ಅತಿ ದೊಡ್ಡ ಪಟ್ಟಣಗಳಲ್ಲಿ ಒಂದು. ಗೋಡೆಯೊಳಗಿನ ನೆಲವೇ ಸುಮಾರು 200 ಎಕರೆ. ಲಂಡನ್, ಯಾರ್ಕ್, ಲಿಂಕನ್ ಮೊದಲಾದ ರೋಮನ್ ಪಟ್ಟಣಗಳ ಮೇಲೆ ಹೊಸ ಊರುಗಳು ಬೆಳೆದು ಹಳೆಯದನ್ನು ಮುಚ್ಚಿದುವು. ಇಲ್ಲಿ ಹಾಗಾಗಲಿಲ್ಲ, ಹೊಸ ಊರು ಹೊಳೆಯನ್ನು ದಾಟಿ ಗುಡ್ಡವೇರಿತು, ಹಳೆಯದು ಬಯಲಾಯಿತು. ಈ ಪಟ್ಟಣವು ಸತ್ತುದು ಯಾವಾಗ, ಹೇಗೆ, ನಿಜಕ್ಕೂ ಅದು ಸತ್ತಿತೆ ಎಂಬ ಪ್ರಶ್ನೆಗೆ ಕಳೆದ ನೂರು ವರ್ಷಗಳಲ್ಲಿ ಪಂಡಿತರು ಒಬ್ಬರು ಕೊಟ್ಟ ಉತ್ತರವನ್ನು ಇನ್ನೊಬ್ಬರು ತಿದ್ದುತ್ತ ಬಂದಿರುವರು. ಆ ತಿದ್ದುಪಡಿಗಳ ಕಥೆಯೂ ಪಟ್ಟಣದ ಕಥೆಯಷ್ಟೇ ಸ್ವಾರಸ್ಯವುಳ್ಳದ್ದು.

ರೋಮನ್ನರು ಬರುವುದಕ್ಕೆ ಮೊದಲೇ ಇಲ್ಲಿ ಜನವಸತಿಯಿತ್ತು. ಕಟುವೆಲ್ಲೌನಿ ಎಂಬ ಕುಲದ ದೊರೆ ಟಾಸ್ಕಿಯೊವಾನಸ್ ಎಂಬವನು ಕ್ರಿಸ್ತಪೂರ್ವದ ಕೊನೆಯ ದಶಕಗಳಲ್ಲಿ ಅಚ್ಚು ಹಾಕಿಸಿದ ನಾಣ್ಯಗಳ ಮೇಲೆ ಊರಿನ ಹೆಸರಿನ ಮೊದಲಕ್ಷರಗಳು ಲ್ಯಾಟಿನ್ ಲಿಪಿಯಲ್ಲಿ ಕಾಣಬರುತ್ತವೆ. ರೋಮಿನ ಸೈನ್ಯಕ್ಕಿಂತ ರೋಮಿನ ಅಕ್ಷರವೇ ಇಲ್ಲಿಗೆ ಮುಂಚೆ ತಲಪಿತೆಂಬುದನ್ನು ಗಮನಿಸಬೇಕು. ಕ್ರಿ. ಶ. 43ರಲ್ಲಿ ಕ್ಲಾಡಿಯಸ್ ಚಕ್ರವರ್ತಿಯ ದಂಡು ದ್ವೀಪಕ್ಕೆ ಬಂದಿಳಿಯಿತು. ಅದಾದ ಕೆಲವೇ ವರ್ಷಗಳಲ್ಲಿ ಹೊಳೆಯ ದಡದಲ್ಲಿ ಮರದ ಚೌಕಟ್ಟಿನ ಅಂಗಡಿಗಳ ಸಾಲೊಂದು ಎದ್ದಿತು. ಲಂಡನ್ನಿನಿಂದ ವಾಯವ್ಯಕ್ಕೆ ಹೋಗುವ ಹೆದ್ದಾರಿ ಊರ ನಡುವೆಯೇ ಹಾಯ್ದಿತ್ತು. ಆ ದಾರಿಗೆ ಮುಂದೆ ವಾಟ್ಲಿಂಗ್ ಸ್ಟ್ರೀಟ್ ಎಂಬ ಹೆಸರಾಯಿತು.

ಈ ಅಂಗಡಿಗಳಿಗೆ ಆಯುಸ್ಸು ಬಹಳವಿರಲಿಲ್ಲ. ಕ್ರಿ. ಶ. 60 ಅಥವಾ 61ರಲ್ಲಿ ಐಸಿನಿ ಕುಲದ ರಾಣಿ ಬೌಡಿಕ ರೋಮನ್ನರ ಮೇಲೆ ದಂಗೆಯೆದ್ದಳು. ಗಂಡನು ಸತ್ತ ಮೇಲೆ ರಾಜ್ಯವನ್ನು ಕಿತ್ತುಕೊಂಡು, ಆಕೆಯನ್ನು ಛಡಿಯಿಂದ ಹೊಡೆಸಿ, ಹೆಣ್ಣುಮಕ್ಕಳ ಮಾನ ಕಳೆದ ಅಧಿಕಾರಿಗಳ ದೌರ್ಜನ್ಯವೇ ಇದಕ್ಕೆ ಕಾರಣವೆಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಮರೆಮಾಚದೆ ಹೇಳಿರುವನು. ಕಾಮುಲೋಡುನಂ, ಲಂಡನ್, ವೆರುಲಾಮಿಯಂ ಮೂರೂ ಸುಟ್ಟು ಬೂದಿಯಾದುವು. ಮೂರರಲ್ಲಿಯೂ ಸೇರಿ ಸತ್ತವರು ಸುಮಾರು 70,000 ಮಂದಿಯೆಂಬುದು ಅವನ ಲೆಕ್ಕ. ಪುರಾತನರ ಇಂಥ ಲೆಕ್ಕಗಳನ್ನು ಅಕ್ಷರಶಃ ನಂಬುವವರು ಕಡಿಮೆ. ಆದರೆ ಬೆಂಕಿ ಸುಳ್ಳಲ್ಲ. ನೆಲವನ್ನು ಅಗೆದಾಗ ಅಂಗಡಿಗಳ ಸಾಲಿದ್ದ ಕಡೆ ಸುಟ್ಟ ಮಣ್ಣಿನ ಪದರವು ಸಿಕ್ಕಿದೆ. ಕಂಚುಗಾರನೊಬ್ಬನ ಕಾರ್ಖಾನೆಯ ಗುರುತುಗಳು ಅದರಡಿಯಲ್ಲಿ ದೊರೆತಿವೆ. ಬೌಡಿಕಳ ಸಿಟ್ಟಿಗೆ ಬಲಿಯಾದವರಲ್ಲಿ ಪರದೇಶದಿಂದ ಬಂದವರಿಗಿಂತ, ಹೊಸ ಆಳ್ವಿಕೆಗೆ ಹೊಂದಿಕೊಂಡು ಕಸುಬು ನಡೆಸುತ್ತಿದ್ದ ಆ ನಾಡಿನವರೇ ಇಲ್ಲಿ ಹೆಚ್ಚಾಗಿದ್ದಿರಬೇಕು. ಈ ಪ್ರಸಂಗದಲ್ಲಿಯೇ ಟ್ಯಾಸಿಟಸ್ ಈ ಊರನ್ನು ‘ಮುನಿಸಿಪಿಯಂ’ ಎಂದು ಕರೆದಿದ್ದಾನೆ. ಸ್ವಂತ ಆಡಳಿತವುಳ್ಳ ಪಟ್ಟಣವೆಂದು ಅದರ ಅರ್ಥ. ನಮ್ಮ ಊರುಗಳ ಮುನಿಸಿಪಾಲಿಟಿಯೆಂಬ ಮಾತಿಗೂ ಮೂಲ ಅದೇ.

ಪಟ್ಟಣವು ಬೂದಿಯಿಂದ ಎದ್ದುದು ನಿಧಾನವಾಗಿ. 1955ರಲ್ಲಿ ದೊರೆತ ಶಿಲಾಶಾಸನದ ಚೂರುಗಳನ್ನು ಜೋಡಿಸಿದಾಗ, ಕ್ರಿ. ಶ. 79ರ ಸುಮಾರಿನಲ್ಲಿ, ಟೈಟಸ್ ಚಕ್ರವರ್ತಿಯ ಕಾಲದಲ್ಲಿ, ಅಗ್ರಿಕೋಲನು ಪ್ರಾಂತಾಧಿಪತಿಯಾಗಿದ್ದಾಗ ಇಲ್ಲಿಯ ಫೋರಂ ಎಂಬ ಸಭಾಂಗಣವು ಪ್ರತಿಷ್ಠೆಯಾಯಿತೆಂದು ತಿಳಿಯಬಂದಿತು. ಅಗ್ರಿಕೋಲನು ಟ್ಯಾಸಿಟಸನ ಮಾವ. ಬ್ರಿಟನ್ನರಿಗೆ ದೇಗುಲ, ಚಾವಡಿ, ಮನೆಗಳನ್ನು ಕಟ್ಟಿಕೊಳ್ಳಲು ಅವನು ಪ್ರೋತ್ಸಾಹವಿತ್ತನೆಂದೂ, ಅವರು ಕ್ರಮೇಣ ಸ್ನಾನಗೃಹ ಔತಣಗಳ ಸುಖಕ್ಕೆ ಒಲಿದು ತಮ್ಮ ದಾಸ್ಯವನ್ನೇ ನಾಗರಿಕತೆಯೆಂದು ಕರೆದುಕೊಂಡರೆಂದೂ ಅಳಿಯನು ಬರೆದಿದ್ದಾನೆ. ಮಾವನನ್ನು ಹೊಗಳಲು ಹೊರಟ ಗ್ರಂಥದಲ್ಲಿ ಇಂಥ ಮಾತು ಬಂದಿರುವುದು ಆ ಲೇಖಕನ ದೊಡ್ಡತನ.

ಆದರೆ ನಾಡಿನವರು ತಮ್ಮದನ್ನೆಲ್ಲ ಬಿಟ್ಟುಕೊಟ್ಟರೆಂದು ತಿಳಿಯಬಾರದು. ಪಟ್ಟಣಕ್ಕೆ ಎದುರಾಗಿ ಕಣಿವೆಯ ಆಚೆಯ ಏರಿನಲ್ಲಿ, ಫಾಲಿ ಲೇನ್ ಎಂಬಲ್ಲಿ, 1991ರಿಂದ 1993ರ ವರೆಗೆ ನಡೆದ ಅಗೆತದಲ್ಲಿ ಒಂದು ಸಮಾಧಿ ದೊರೆಯಿತು. ಕ್ರಿ. ಶ. 55ರ ಸುಮಾರಿನಲ್ಲಿ, ರೋಮನ್ನರು ಬಂದ ಹತ್ತು ಹನ್ನೆರಡು ವರ್ಷಕ್ಕೆ, ಇಲ್ಲಿ ಒಬ್ಬ ಸ್ಥಳೀಯ ನಾಯಕನನ್ನು ಅವನ ಕಬ್ಬಿಣದ ಕವಚ, ಕುದುರೆಯ ಸಾಮಾನುಗಳೊಡನೆ ದಹನಮಾಡಿ ವೈಭವದಿಂದ ಉತ್ತರಕ್ರಿಯೆ ನಡೆಸಿದ್ದರು. ಅವನ ಹೆಸರು ಯಾರಿಗೂ ತಿಳಿಯದು. ಚಿತೆಯ ಸ್ಥಳದಲ್ಲಿ ಆಮೇಲೆ ಒಂದು ದೇಗುಲವೆದ್ದಿತು. ತಲೆಮಾರುಗಳ ಕಾಲ ಅಲ್ಲಿ ಪೂಜೆ ನಡೆಯಿತು. ಗುಡ್ಡದ ಮೇಲೆ ಮಲಗಿದ ಒಬ್ಬ ಸತ್ತವನು ಕೆಳಗಿನ ಊರನ್ನು ಕಾಯುವ ಪದ್ಧತಿ ಈ ಕಣಿವೆಗೆ ಹೊಸದಲ್ಲವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಇದರ ಪ್ರಯೋಜನವುಂಟು.

ಕ್ರಿ. ಶ. 155ರ ಸುಮಾರಿನಲ್ಲಿ ಮತ್ತೊಂದು ದೊಡ್ಡ ಬೆಂಕಿ ಬಿದ್ದು ಊರಿನ ಬಹುಭಾಗವು ನಾಶವಾಯಿತು. ಈ ಬಾರಿ ಯಾರ ದಂಗೆಯೂ ಅಲ್ಲ. ಮರ, ಜೇಡಿಮಣ್ಣು, ಹುಲ್ಲುಚಾವಣಿಗಳ ಊರಿಗೆ ಒಂದು ಒಲೆಯ ಕಿಡಿ ಸಾಕು. ಅಲ್ಲಿಂದ ಮುಂದೆ ಅನುಕೂಲಸ್ಥರು ಚಕಮಕಿ ಕಲ್ಲು ಗಾರೆಗಳಿಂದ ಮನೆಗಳಿಗೆ ಪಾಯ ಹಾಕಿಸಿದರು. ಗೋಡೆಗಳಿಗೆ ಬಣ್ಣದ ಚಿತ್ತಾರ, ನೆಲಕ್ಕೆ ಮೊಸೇಯಿಕ್ ಎಂಬ ಹರಳುಗಲ್ಲುಗಳ ಜೋಡಣೆ. ಇವುಗಳಲ್ಲಿ ಕೆಲವು ಸ್ಥಳೀಯ ವಸ್ತುಸಂಗ್ರಹಾಲಯದಲ್ಲಿವೆ. ಬೀಸಣಿಗೆಯಂತೆ ಬಿಚ್ಚಿದ ದೊಡ್ಡ ಚಿಪ್ಪಿನ ಚಿತ್ರವುಳ್ಳದ್ದೊಂದು. ಜಿಂಕೆಯ ತಲೆಯನ್ನು ಕಚ್ಚಿಕೊಂಡು ಹೋಗುವ ಸಿಂಹದ್ದೊಂದು. ಮತ್ತೊಂದನ್ನು ಸ್ಥಳದಿಂದ ಕದಲಿಸದೆ ಅಲ್ಲಿಯೇ ಮಾಡು ಕಟ್ಟಿ ಕಾಪಾಡಿರುವರು; ಅದರ ಕೆಳಗೆ ಬಿಸಿಗಾಳಿ ಹಾಯಿಸಿ ಕೋಣೆಯನ್ನು ಬೆಚ್ಚಗಿಡುತ್ತಿದ್ದ ಕಾಲುವೆಗಳನ್ನೂ ನೋಡಬಹುದು.

ನಾಟಕಶಾಲೆಯು ಕ್ರಿ. ಶ. 140ರ ಸುಮಾರಿನದು. ರೋಮನ್ ಮಾದರಿಯ ನಾಟಕಶಾಲೆಯ ಅವಶೇಷಗಳು ಆ ದ್ವೀಪದಲ್ಲಿ ಬಲು ವಿರಳ. ಇದರಷ್ಟು ಚೆನ್ನಾಗಿ ಕಣ್ಣಿಗೆ ಕಾಣುವುದು ಮತ್ತೊಂದಿಲ್ಲ. ಪಕ್ಕದಲ್ಲಿಯೇ ದೇಗುಲವಿದ್ದುದರಿಂದ ಉತ್ಸವದ ದಿನಗಳಲ್ಲಿ ಜನರು ಇಲ್ಲಿ ನೆರೆಯುತ್ತಿದ್ದರೆಂದು ಊಹಿಸುವರು. ಊರಿನ ಸುತ್ತ ಎರಡು ಮೈಲಿಗೂ ಮೀರಿದ ಉದ್ದದ ಕೋಟೆಗೋಡೆಯೆದ್ದುದು ಮೂರನೆಯ ಶತಮಾನದ ಉತ್ತರಾರ್ಧದಲ್ಲಿ.

ಇನ್ನು ಆಲ್ಬನ್ ಎಂಬವನ ಕಥೆ. ಇದನ್ನು ವಿಸ್ತಾರವಾಗಿ ಬರೆದಿಟ್ಟವನು ಬೀಡ್ ಎಂಬ ಸನ್ಯಾಸಿ. ಅವನ ಗ್ರಂಥವು ಮುಗಿದುದು ಕ್ರಿ. ಶ. 731ರಲ್ಲಿ. ಕ್ರೈಸ್ತರನ್ನು ಹಿಂಸಿಸುತ್ತಿದ್ದ ಕಾಲದಲ್ಲಿ ವೆರುಲಾಮಿಯಂ ಪಟ್ಟಣದ ಆಲ್ಬನ್ ತಾನು ಕ್ರೈಸ್ತನಲ್ಲದಿದ್ದರೂ ತಪ್ಪಿಸಿಕೊಂಡು ಬಂದ ಒಬ್ಬ ಪಾದ್ರಿಗೆ ಮನೆಯಲ್ಲಿ ಆಶ್ರಯವಿತ್ತನು. ಅತಿಥಿಯ ಜಪ ಜಾಗರಣೆಗಳನ್ನು ಕಂಡು ಅವನ ಮತವನ್ನೇ ಹಿಡಿದನು. ಸಿಪಾಯಿಗಳು ಹುಡುಕಿಕೊಂಡು ಬಂದಾಗ ಪಾದ್ರಿಯ ನಿಲುವಂಗಿಯನ್ನು ತಾನು ತೊಟ್ಟು, ಅವನ ಬದಲು ಸೆರೆಯಾದನು. ವಧಸ್ಥಾನಕ್ಕೆ ಹೋಗುವ ದಾರಿಯಲ್ಲಿ ಸೇತುವೆಯ ಮೇಲೆ ಜನ ಕಿಕ್ಕಿರಿದುದರಿಂದ ಹೊಳೆಯ ನೀರು ಬತ್ತಿ ದಾರಿ ಬಿಟ್ಟಿತಂತೆ; ಗುಡ್ಡದ ಮೇಲೆ ಅವನು ಬಾಯಾರಿದಾಗ ಬುಗ್ಗೆ ಎದ್ದಿತಂತೆ; ಕತ್ತಿಯೆತ್ತಿದವನ ಕಣ್ಣುಗಳು ಕಳಚಿ ನೆಲಕ್ಕೆ ಬಿದ್ದುವಂತೆ. ಇದು ನಡೆದ ವರ್ಷದ ವಿಷಯದಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಮೂರನೆಯ ಶತಮಾನದ ಮೊದಲಿನಿಂದ ನಾಲ್ಕನೆಯದರ ಮೊದಲಿನ ವರೆಗೆ ಬೇರೆ ಬೇರೆ ಕಾಲಗಳನ್ನು ಹೇಳುವರು. ಪವಾಡಗಳನ್ನು ಬದಿಗಿಟ್ಟರೂ ಒಂದಂಶ ಉಳಿಯುತ್ತದೆ: ಕಥೆಯ ಪಟ್ಟಣ, ಹೊಳೆ, ಸೇತುವೆ, ಏರು, ಗುಡ್ಡ ಇವುಗಳ ಅನುಕ್ರಮವು ಸ್ಥಳದ ಲಕ್ಷಣಕ್ಕೆ ಸರಿಯಾಗಿ ಹೊಂದುತ್ತದೆ. ಕ್ರಿ. ಶ. 429ರಲ್ಲಿ ಗಾಲ್ ದೇಶದಿಂದ ಜರ್ಮೇನಸ್ ಎಂಬ ಬಿಷಪ್ಪನು ದ್ವೀಪಕ್ಕೆ ಬಂದು ಆಲ್ಬನನ ಸಮಾಧಿಯನ್ನು ದರ್ಶನಮಾಡಿದನೆಂದು ಅವನ ಚರಿತ್ರೆಯಲ್ಲಿದೆ. ರೋಮಿನ ಆಡಳಿತವು ದ್ವೀಪದಿಂದ ತೊಲಗಿ ಆಗಲೇ ಸುಮಾರು ಇಪ್ಪತ್ತು ವರ್ಷವಾಗಿತ್ತು.

ಸಮಾಧಿಯು ಗುಡ್ಡದ ಮೇಲೆ, ಎಂದರೆ ಕೋಟೆಯ ಹೊರಗೆ, ಇದ್ದುದಕ್ಕೆ ಕಾರಣವು ಪವಾಡವಲ್ಲ, ಕಾನೂನು. ಊರೊಳಗೆ ಹೆಣವನ್ನು ಹೂಳುವುದು ರೋಮನ್ನರಲ್ಲಿ ನಿಷಿದ್ಧ. ದೇವಾಲಯದ ದಕ್ಷಿಣ ಪಾರ್ಶ್ವದಲ್ಲಿ 1978ರಲ್ಲಿಯೂ ಆಮೇಲೆಯೂ ಅಗೆದಾಗ ರೋಮನ್ ಕಾಲದ ಶ್ಮಶಾನವು ಕಂಡುಬಂದಿತು. ಈ ಸಣ್ಣ ಕಟ್ಟಳೆಯೊಂದರಿಂದ ಎಷ್ಟು ದೊಡ್ಡ ಪರಿಣಾಮವಾಯಿತು! ಸಂತನ ಗೋರಿ ಹೊರಗಿದ್ದುದರಿಂದ ಯಾತ್ರಿಕರು ಹೊರಗೆ ನೆರೆದರು, ಯಾತ್ರಿಕರ ಹಿಂದೆ ವ್ಯಾಪಾರಿಗಳು ಬಂದರು, ಊರು ಸಮಾಧಿಯ ಸುತ್ತ ಬೆಳೆಯಿತು, ಕೋಟೆಯೊಳಗಿನದು ಬರಿದಾಯಿತು. ಸಂತನನ್ನು ಕೊಂದ ಪಟ್ಟಣವನ್ನು ಸಂತನ ಸಮಾಧಿಯು ಹೀಗೆ ನುಂಗಿತು.

ನುಂಗಿದುದು ಯಾವಾಗ ಎಂಬಲ್ಲಿಯೇ ವಾದ. 1930ರಲ್ಲಿ ಮಾರ್ಟಿಮರ್ ವ್ಹೀಲರ್ ಮತ್ತು ಅವರ ಪತ್ನಿ ಟೆಸ್ಸ ವ್ಹೀಲರ್ ಇಲ್ಲಿ ಉತ್ಖನನವನ್ನು ಆರಂಭಿಸಿದರು. ಲಂಡನ್ನಿನ ಬೇರೆ ಹೊಣೆಗಳು ವ್ಹೀಲರರ ಹೆಗಲ ಮೇಲಿದ್ದುದರಿಂದ ದಿನದಿನದ ಕೆಲಸದ ಭಾರವನ್ನು ಹೆಚ್ಚಾಗಿ ಹೊತ್ತವರು ಟೆಸ್ಸ. ಕೀರ್ತಿಯಲ್ಲಿ ಆಕೆಗೆ ಸಂದ ಪಾಲು ಮಾತ್ರ ಅದಕ್ಕೆ ತಕ್ಕಷ್ಟಲ್ಲ. ನಾಟಕಶಾಲೆಯನ್ನು ಅಗೆದವರು ಅವರ ಶಿಷ್ಯೆ ಕ್ಯಾಥ್ಲೀನ್ ಕೆನ್ಯನ್, ಮುಂದೆ ಜೆರಿಕೋ ಪಟ್ಟಣದ ಶೋಧದಿಂದ ಲೋಕಪ್ರಸಿದ್ಧರಾದವರು. ನಾಟಕಶಾಲೆಯು ನಾಲ್ಕನೆಯ ಶತಮಾನದ ಕೊನೆಯಲ್ಲಿ ಕಸದ ಗುಂಡಿಯಾಗಿತ್ತೆಂದು ತಿಳಿದುದು ಆಗಲೇ. ಮಣ್ಣಿನ ಪದರಗಳನ್ನು ಒಂದೊಂದಾಗಿ ಓದಿ, ಮೇಲಿನದು ಈಚಿನದು, ಕೆಳಗಿನದು ಹಿಂದಿನದು ಎಂದು ಕಾಲವನ್ನು ನಿರ್ಣಯಿಸುವ ಶಿಸ್ತು ಇಲ್ಲಿ ಹದಗೊಂಡಿತು. 1936ರಲ್ಲಿ ಟೆಸ್ಸ ತೀರಿಕೊಂಡರು. ಅದೇ ವರ್ಷ ವರದಿ ಪ್ರಕಟವಾಯಿತು. ಅದರ ತೀರ್ಪು ಕಠಿನವಾಗಿತ್ತು. ಮೂರನೆಯ ಶತಮಾನದಲ್ಲಿಯೇ ಪಟ್ಟಣವು ಹಾಳುಬಿದ್ದಿತ್ತು, ಆ ಶತಮಾನದ ಕೊನೆಗೆ ಅಲ್ಪಸ್ವಲ್ಪ ಜೀರ್ಣೋದ್ಧಾರವಾದರೂ ಮತ್ತೆ ಚೇತರಿಸಲಿಲ್ಲ ಎಂಬುದು ಅದರ ಸಾರ. ಕಾಲಿಂಗ್‌ವುಡ್ಡರಂಥ ವಿದ್ವಾಂಸರು ಇದನ್ನೇ ಆಧಾರವಾಗಿ ಹಿಡಿದು ರೋಮನ್ ಬ್ರಿಟನ್ನಿನ ಪಟ್ಟಣಗಳೆಲ್ಲ ಕಾಲಕ್ಕೆ ಮುಂಚೆಯೇ ಕ್ಷಯಿಸಿದುವೆಂಬ ಸಿದ್ಧಾಂತವನ್ನು ಕಟ್ಟಿದರು. ಒಂದು ಊರಿನ ಕೆಲವು ಗುಂಡಿಗಳಿಂದ ಇಡೀ ನಾಡಿನ ಚರಿತ್ರೆ!

ವ್ಹೀಲರರ ಹೆಸರು ಕನ್ನಡಿಗರಿಗೆ ಅಪರಿಚಿತವಲ್ಲ. 1944ರಲ್ಲಿ ಭಾರತದ ಪುರಾತತ್ತ್ವ ಇಲಾಖೆಯ ಮುಖ್ಯಾಧಿಕಾರಿಯಾಗಿ ಬಂದ ಅವರು 1947ರಲ್ಲಿ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಲ್ಲಿಯೂ ಚಂದ್ರವಳ್ಳಿಯಲ್ಲಿಯೂ ಅಗೆಯಿಸಿದರು. ಮೈಸೂರಿನ ಡಾ. ಎಂ. ಎಚ್. ಕೃಷ್ಣ ಅವರು ಅದಕ್ಕೆ ಮುಂಚೆಯೇ ಶೋಧಿಸಿದ್ದ ಸ್ಥಳಗಳವು. ಚಂದ್ರವಳ್ಳಿಯ ಮಣ್ಣಿನಲ್ಲಿ ರೋಮಿನ ಬೆಳ್ಳಿಯ ನಾಣ್ಯಗಳು ದೊರೆತಿವೆ. ದಕ್ಷಿಣದ ಪದರಗಳಿಗೆ ಕಾಲವನ್ನು ಗೊತ್ತುಮಾಡಲು ವ್ಹೀಲರರು ಹಿಡಿದ ಸೂತ್ರವೂ ರೋಮಿನ ವ್ಯಾಪಾರದ ವಸ್ತುಗಳೇ. ವೇರ್ ಹೊಳೆಯ ದಡದಲ್ಲಿ ಪಳಗಿದ ಕೈ ಹೀಗೆ ನಮ್ಮ ನೆಲದಲ್ಲಿಯೂ ಕೆಲಸ ಮಾಡಿತು.

ಅವರ ತೀರ್ಪನ್ನು ತಿರುಗಿಸಿದುದು ಒಂದು ನೀರಿನ ಕೊಳವೆ. 1955ರಲ್ಲಿ ಹಳೆಯ ಪಟ್ಟಣದ ಮೇಲೆ ಹೊಸ ರಸ್ತೆಯೊಂದು ಹಾಯುವುದೆಂದಾದಾಗ ಷೆಪರ್ಡ್ ಫ್ರೀರ್ ಎಂಬ ವಿದ್ವಾಂಸರು ಅಗೆತವನ್ನು ಕೈಕೊಂಡು 1961ರ ವರೆಗೆ ನಡೆಸಿದರು. ಒಂದೆಡೆ ಅವರಿಗೆ ದೊಡ್ಡ ಮನೆಯೊಂದರ ಅವಶೇಷ ಸಿಕ್ಕಿತು. ಅದನ್ನು ಕಟ್ಟಿದುದು ನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಎಂದು ಅವರು ನಿರ್ಣಯಿಸಿದರು. ವ್ಹೀಲರರ ಲೆಕ್ಕದಂತೆ ಆ ವೇಳೆಗೆ ಅಲ್ಲಿ ಹಾಳುಗೋಡೆಗಳಿರಬೇಕಾಗಿತ್ತು. ಮನೆಯ ಚಿತ್ರದ ನೆಲವನ್ನು ಮುಂದೆ ಯಾರೋ ಕಡಿದು ಧಾನ್ಯವನ್ನು ಒಣಗಿಸುವ ಒಲೆಯನ್ನು ಹೂಡಿದ್ದರು. ಆ ಮೇಲೆ ಮನೆಯನ್ನು ಕೆಡವಿ ಕಣಜದಂಥ ದೊಡ್ಡ ಕಟ್ಟಡವನ್ನು ಎಬ್ಬಿಸಿದ್ದರು. ಅದೂ ಬಿದ್ದ ಮೇಲೆ, ಆ ನೆಲವನ್ನು ಸೀಳಿಕೊಂಡು, ಮರದ ತುಂಡುಗಳನ್ನು ಕೊರೆದು ಕಬ್ಬಿಣದ ಬಳೆಗಳಿಂದ ಒಂದಕ್ಕೊಂದು ಜೋಡಿಸಿದ ನೀರಿನ ಕೊಳವೆಯು ಹಾಯ್ದಿತ್ತು. ಮರವು ಕೊಳೆತುಹೋಗಿ ಬಳೆಗಳು ಮಾತ್ರ ಸಾಲಾಗಿ ಉಳಿದಿದ್ದುವು. ಒಂದರ ಮೇಲೊಂದು ಇಷ್ಟು ಘಟ್ಟಗಳಿಗೆ ಕಾಲಾವಕಾಶ ಕೊಟ್ಟರೆ ಕೊಳವೆಯು ಐದನೆಯ ಶತಮಾನದ ನಡುವಿಗೆ ಬರುತ್ತದೆ. ಕೊಳವೆಯಿದ್ದರೆ ಅದಕ್ಕೆ ನೀರು ತರುವ ಕಾಲುವೆ ಇರಬೇಕು. ಕಾಲುವೆಯನ್ನು ದುರಸ್ತಿಯಲ್ಲಿಡುವ ಕೆಲಸಗಾರರಿರಬೇಕು. ಅವರಿಗೆ ಅಪ್ಪಣೆ ಮಾಡುವ ಪಂಚಾಯಿತಿಯಂಥದೇನೋ ಇರಬೇಕು. ಎಂದರೆ ಜರ್ಮೇನಸ್ ಬಿಷಪ್ಪನು ಗುಡ್ಡವನ್ನೇರಿದಾಗ ಕೆಳಗಿನ ಪಟ್ಟಣವು ಇನ್ನೂ ಉಸಿರಾಡುತ್ತಿತ್ತು.

ಈ ಕೊಳವೆಯು ಪಠ್ಯಪುಸ್ತಕಗಳನ್ನು ಸೇರಿತು. ಆದರೆ ಅದರ ಮೇಲೆಯೂ ಪ್ರಶ್ನೆಗಳೆದ್ದಿವೆ. ಆ ಮನೆಯು ಫ್ರೀರ್ ಎಣಿಸಿದುದಕ್ಕಿಂತ ಬಹಳ ಹಿಂದಿನದಿರಬಹುದು, ಹಾಗಾದರೆ ಅದರ ಮೇಲಿನ ಘಟ್ಟಗಳೆಲ್ಲ ಹಿಂದಕ್ಕೆ ಸರಿಯಬೇಕು ಎಂದು ಈಚಿನ ಕೆಲವರು ವಾದಿಸಿರುವರು. ನಾಣ್ಯದ ಬಳಕೆಯೇ ನಿಂತುಹೋದ ಕಾಲವಾದುದರಿಂದ ಐದನೆಯ ಶತಮಾನಕ್ಕೆ ತಾರೀಖು ಹಚ್ಚುವುದು ಮಹಾ ಕಷ್ಟ. ಇತ್ತ 2012ರಲ್ಲಿ ಸ್ಯಾಂಡ್ರಿಜ್ ಎಂಬ ನೆರೆಯೂರಿನ ಬಳಿ, ನಾಲ್ಕನೆಯ ಶತಮಾನದ ಕೊನೆಯಿಂದ ಐದನೆಯದರ ಆದಿಯ ವರೆಗಿನ 159 ಚಿನ್ನದ ನಾಣ್ಯಗಳ ನಿಧಿ ದೊರೆಯಿತು. ಅಷ್ಟು ಹೊನ್ನನ್ನು ಹೂಳುವಷ್ಟು ಸಿರಿವಂತರು ಆ ಕಾಲದಲ್ಲಿ ಈ ಸುತ್ತಿನಲ್ಲಿದ್ದರೆಂಬುದಕ್ಕೆ ಅದು ಸಾಕ್ಷಿ. ಅದನ್ನು ಮತ್ತೆ ತೆಗೆದುಕೊಳ್ಳಲು ಅವರು ಬರಲಿಲ್ಲವೆಂಬುದಕ್ಕೂ ಅದೇ ಸಾಕ್ಷಿ. ವ್ಹೀಲರರ ತೀರ್ಪು ಅವಸರದ್ದೆಂಬುದರಲ್ಲಿ ಸಂಶಯವಿಲ್ಲ. ಫ್ರೀರ್ ಅವರದು ಕೊಂಚ ಉದಾರವಾದದ್ದಿರಬಹುದು. ಶತ್ರುಗಳು ಬಂದು ಕೊಳ್ಳೆಹೊಡೆದ ಗುರುತು ಮಾತ್ರ ಇಲ್ಲಿ ಯಾರಿಗೂ ಕಂಡಿಲ್ಲ. ಪಟ್ಟಣವು ಒಂದು ದಿನ ಸಾಯಲಿಲ್ಲ, ದಿನದಿನವೂ ಸವೆಯಿತು.

ಪಾಳುಬಿದ್ದ ಮೇಲಿನ ಚರಿತ್ರೆಯನ್ನು ಬರೆದಿಟ್ಟವರು ಗುಡ್ಡದ ಮೇಲಿನ ಮಠದವರು. ಮರ್ಸಿಯದ ದೊರೆ ಆಫ ಎಂಬವನು 793ರಲ್ಲಿ ಆ ಮಠವನ್ನು ಸ್ಥಾಪಿಸಿದನೆಂದು ಪ್ರತೀತಿ. ಮಠದ ಹದಿಮೂರನೆಯ ಶತಮಾನದ ಚರಿತ್ರಕಾರ ಮ್ಯಾಥ್ಯೂ ಪ್ಯಾರಿಸ್ ಹೇಳುವಂತೆ, ನಾರ್ಮನ್ನರು ಬರುವುದಕ್ಕೆ ಮುಂಚೆ ಎಲ್ಡ್ರೆಡ್, ಎಡ್ಮರ್ ಎಂಬ ಇಬ್ಬರು ಮಠಾಧಿಪತಿಗಳು ಹೊಸ ದೇವಾಲಯಕ್ಕಾಗಿ ಹಳೆಯ ಪಟ್ಟಣದ ಕಲ್ಲು ಇಟ್ಟಿಗೆಗಳನ್ನು ಕೀಳಿಸಿ ರಾಶಿಹಾಕಿಸಿದರು. ಕಳ್ಳಕಾಕರು ಅಡಗುತ್ತಿದ್ದ ನೆಲಮಾಳಿಗೆಗಳನ್ನು ಮುಚ್ಚಿಸಿದರು. ಎಡ್ಮರನ ಕಾಲದಲ್ಲಿ ಒಂದು ಹಳೆಯ ಅರಮನೆಯ ಗೋಡೆಯ ಗೂಡಿನಲ್ಲಿ ಪುಸ್ತಕಗಳು ಸಿಕ್ಕಿದುವಂತೆ. ಒಂದರ ಭಾಷೆ ಯಾರಿಗೂ ಬಾರದು. ಉನ್ವೋನ ಎಂಬ ಹಣ್ಣು ಮುದುಕ ಪಾದ್ರಿಯು ಅದನ್ನು ಓದಿದನು. ಅದು ಆಲ್ಬನನ ಚರಿತ್ರೆಯಾಗಿತ್ತು. ಉಳಿದವು ಅನ್ಯದೇವತೆಗಳ ಸ್ತುತಿಯೆಂದು ತಿಳಿದು ಅವನ್ನು ಸುಟ್ಟರು. ಆಲ್ಬನನ ಚರಿತ್ರೆಯು ಲ್ಯಾಟಿನ್ನಿಗೆ ಅನುವಾದವಾಗಿ ಮುಗಿದ ಕ್ಷಣವೇ ಮೂಲಗ್ರಂಥವು ಪುಡಿಪುಡಿಯಾಗಿ ಧೂಳಾಯಿತಂತೆ. ಈ ಕಥೆ ಮಠದವರ ಕಲ್ಪನೆಯೆಂಬುದು ಸ್ಪಷ್ಟ. ಮೂಲವನ್ನು ತೋರಿಸಿರೆಂದು ಕೇಳುವವರಿಗೆ ಇದಕ್ಕಿಂತ ಜಾಣ ಉತ್ತರವಿರಲಾರದು. ಹಾಗಿದ್ದರೂ ಕೆಳಗಿನ ಪಾಳಿನ ಬಗೆಗೆ ಮೇಲಿನವರಿಗಿದ್ದ ಭಾವವನ್ನು ಅದು ಚೆನ್ನಾಗಿ ತೋರಿಸುತ್ತದೆ: ಬೇಕಾದುದನ್ನು ತೆಗೆದುಕೊಂಡ ಮೇಲೆ ಉಳಿದುದು ಧೂಳು.

ರಾಶಿಹಾಕಿದ ಇಟ್ಟಿಗೆಗಳನ್ನು ಬಳಸಿದವನು ಕಾನ್ ಪಟ್ಟಣದಿಂದ ಬಂದ ಮಠಾಧಿಪತಿ ಪಾಲ್. ಆ ಸೀಮೆಯಲ್ಲಿ ಕಟ್ಟಡಕ್ಕೆ ಒದಗುವ ಒಳ್ಳೆಯ ಕಲ್ಲು ಇಲ್ಲ, ಚಕಮಕಿಯ ಉಂಡೆಗಳಷ್ಟೇ. ಆದುದರಿಂದ ಸಿದ್ಧವಾಗಿ ಬಿದ್ದಿದ್ದ ರೋಮನ್ ಇಟ್ಟಿಗೆ ಅವನಿಗೆ ನಿಧಿಯಾಯಿತು. 1115ರಲ್ಲಿ ದೇವಾಲಯದ ಪ್ರತಿಷ್ಠೆಯಾಯಿತು. ಎಂಟನೆಯ ಹೆನ್ರಿ ದೊರೆಯು ಮಠಗಳನ್ನು ಮುಚ್ಚಿಸಿದಾಗ, 1539ರಲ್ಲಿ, ಈ ಮಠವೂ ಹೋಯಿತು. ದೇವಾಲಯವನ್ನು ಮಾತ್ರ 1553ರಲ್ಲಿ ಊರಿನವರೇ 400 ಪೌಂಡು ಕೊಟ್ಟು ಕೊಂಡು ಉಳಿಸಿಕೊಂಡರು. ಹಳೆಯ ಫೋರಂ ಇದ್ದ ಎಡೆಯಲ್ಲಿ ಸೇಂಟ್ ಮೈಕೇಲನ ಚಿಕ್ಕ ಇಗರ್ಜಿಯುಂಟು. ತತ್ತ್ವಜ್ಞಾನಿ ಫ್ರಾನ್ಸಿಸ್ ಬೇಕನ್ನನ ಸಮಾಧಿಯಿರುವುದು ಅಲ್ಲಿ. 1618ರಲ್ಲಿ ಅವನಿಗೆ ದೊರೆತ ಬಿರುದು ಬ್ಯಾರನ್ ವೆರುಲಂ. ಪಟ್ಟಣದ ಬಹುಭಾಗವನ್ನು ಇಂದಿಗೂ ಯಾರೂ ಅಗೆದಿಲ್ಲ. ಈಚಿನ ವರ್ಷಗಳಲ್ಲಿ ನೆಲವನ್ನು ಅಗೆಯದೆಯೇ ಅದರ ಕಾಂತಗುಣವನ್ನು ಅಳೆಯುವ ಯಂತ್ರಗಳಿಂದ ಒಳಗಿನ ಬೀದಿ ಗೋಡೆಗಳ ನಕ್ಷೆಯನ್ನು ತೆಗೆಯುತ್ತಿರುವರು.

ನಾರ್ಮನ್ನರು ತಮ್ಮ ಗೋಪುರವನ್ನು ಕಟ್ಟಿ ಮುಗಿಸಿದಾಗ ಅದು ಕೆಂಪಗಿರಲಿಲ್ಲ. ಹಳೆಯ ಇಟ್ಟಿಗೆಗಳು ಕಾಣದಂತೆ ಹೊರಮೈಗೆಲ್ಲ ಗಾರೆ ಬಳಿದು ಬೆಳ್ಳಗೆ ಮಾಡಿದ್ದರು. ಆ ಗಾರೆಯನ್ನು ತೆಗೆದುದು 19ನೆಯ ಶತಮಾನದ ಜೀರ್ಣೋದ್ಧಾರದಲ್ಲಿ. ಅಂದಿನಿಂದ ವೆರುಲಾಮಿಯಂ ಪಟ್ಟಣದ ಇಟ್ಟಿಗೆಗಳು ಮತ್ತೆ ಬಿಸಿಲು ಕಾಣುತ್ತಿವೆ.